ಅಂಚಿನ ಕಚ್ಚು

"ತುಂಬಲ್ಲ ಅಂದ್ರೆ ತುಂಬಲ್ಲ! ನಿಮ್ಮ ತಲೇಲಿರೋ ತೂತು ಮೊದಲು ತುಂಬಿಸ್ಕೊಳ್ಳಿ ಸಾರ್, ಆಮೇಲೆ ಈ ಕಲ್ಲಿನ ಹತ್ರ ಬನ್ನಿ!"

ಹಲ್ಲಕ್ಕ ಹೀಗೆ ಕೂಗಿ, ಪ್ಲಾಸ್ಟರ್ ಕಲಸುತ್ತಿದ್ದ ರಬ್ಬರ್ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿದಳು. ಬಿಳಿ ಹನಿ ಹಾರಿ ಮುಖ್ಯಸ್ಥರ ಕೋಟಿನ ಮೇಲೆ ಬಿತ್ತು. ಆ ವಸ್ತುಸಂಗ್ರಹಾಲಯದಲ್ಲಿ ಆ ಕೋಟಿನ ಮೇಲೆ ಕೂರಬೇಕಾದರೆ ಧೂಳು ಕೂಡ ಅರ್ಜಿ ಹಾಕಬೇಕು. ಅದಕ್ಕೇ ಕೆಳಗಿನ ನೌಕರರೆಲ್ಲ ಅವರನ್ನು ಬೆನ್ನ ಹಿಂದೆ ಇಸ್ತ್ರಿ ಎಂದು ಕರೆಯುತ್ತಿದ್ದರು.

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡ. ನಾನು ಈ ಸಂಸ್ಥೆಗೆ ಮುಖ್ಯಸ್ಥ."

"ಸಂಸ್ಥೆಗೆ ಮುಖ್ಯಸ್ಥರು. ಕಲ್ಲಿಗಲ್ಲ."

"ನಾಡಿದ್ದು ಬೆಳಿಗ್ಗೆ ಉದ್ಘಾಟನೆ. ಕೈಪಿಡಿ ಅಚ್ಚಾಗಿ ಬಂದಿದೆ. ಮೂರನೇ ಪುಟದಲ್ಲಿ ಏನಿದೆ ಓದಿದೀಯಾ?"

"ಓದಿದೀನಿ. 'ಮುತ್ತಿನಂತೆ ದುಂಡಗಿನ ಮಹಾಶಿಲೆ.' ಮುತ್ತಂತೆ ಮುತ್ತು! ಮುತ್ತು ನೋಡಿದೋರು ಬರೆದದ್ದಾ, ಕಲ್ಲು ನೋಡಿದೋರು ಬರೆದದ್ದಾ?"

"ನಾನು ಬರೆದದ್ದು."

"ಅದೇ ಅಂದೆ. ಎರಡನ್ನೂ ನೋಡದೋರು."

ಬಾಗಿಲ ಬಳಿ ಬ್ರಷ್ ತೊಳೆಯುತ್ತಿದ್ದ ಬಣ್ಣದವನಿಗೆ ನಗು ಬಂತು. ಅದನ್ನು ಕೆಮ್ಮಾಗಿ ಬದಲಾಯಿಸಿಕೊಂಡ. ಇಸ್ತ್ರಿಯವರು ಕರವಸ್ತ್ರ ತೆಗೆದು ಕೋಟಿನ ಮೇಲಿನ ಬಿಳಿ ಹನಿಯನ್ನು ಒರೆಸಿದರು. ಒರೆಸಿದಷ್ಟೂ ಅದು ಅಗಲವಾಯಿತು.

ಜಗಳ ನಡೆಯುತ್ತಿದ್ದದ್ದು ಕಟ್ಟಡದ ನೆಲಮಾಳಿಗೆಯ ಕೆಲಸದ ಕೋಣೆಯಲ್ಲಿ. ನಡುವೆ ಕಬ್ಬಿಣದ ಪೀಠದ ಮೇಲೆ ಒಂದು ಮೀಟರ್ ಅಗಲದ ಪ್ಲಾಸ್ಟರ್ ಕಲ್ಲು ಕೂತಿತ್ತು. ಮಂಗಳಕ್ಕೂ ಗುರುವಿಗೂ ನಡುವೆ ಲಕ್ಷಗಟ್ಟಲೆ ಬಂಡೆಗಳು ಸೂರ್ಯನನ್ನು ಸುತ್ತುತ್ತಿವೆಯಲ್ಲ, ಆ ಪಟ್ಟಿಯ ಹೊರ ಅಂಚಿನಲ್ಲಿ ತಿರುಗುವ ಒಂದು ದೊಡ್ಡ ಬಂಡೆಯ ಮಾದರಿ ಅದು. ನಿಜವಾದದ್ದು ಮುನ್ನೂರು ಕಿಲೋಮೀಟರ್ ಅಗಲ. ಅಷ್ಟು ದೊಡ್ಡದಕ್ಕೆ ಓದಿದವರು ಇಟ್ಟಿರುವ ಜಾತಿಹೆಸರು ಕ್ಷುದ್ರಗ್ರಹ. "ಮುನ್ನೂರು ಕಿಲೋಮೀಟರ್ ಇರೋದು ಕ್ಷುದ್ರ ಆದ್ರೆ ಐದೂವರೆ ಅಡಿ ಇರೋ ಇವರೆಲ್ಲ ಏನು?" ಎಂದು ಹಲ್ಲಕ್ಕ ಮೊದಲ ದಿನವೇ ಕೇಳಿದ್ದಳು.

ಅವಳಿಗೆ ಆ ಹೆಸರು ಬಂದದ್ದು ಹಳೆಯ ಕೆಲಸದಿಂದ. ಇಲ್ಲಿಗೆ ಬರುವ ಮುಂಚೆ ಹದಿನೇಳು ವರ್ಷ ದಂತವೈದ್ಯರೊಬ್ಬರ ಹಿಂಗೋಣೆಯಲ್ಲಿ ಕೂತು ಕಟ್ಟುಹಲ್ಲು ಮಾಡಿದ್ದಳು. ಹಲ್ಲಿನ ಕೆಲಸದಲ್ಲಿ ಸುಳ್ಳು ನಡೆಯುವುದಿಲ್ಲ. ಒಂದು ಹಲ್ಲು ಕೂದಲೆಳೆಯಷ್ಟು ಎತ್ತರವಾದರೆ ಊಟಕ್ಕೆ ಕೂತವನಿಗೆ ಮೊದಲ ತುತ್ತಿನಲ್ಲೇ ತಿಳಿಯುತ್ತದೆ. ಮಧ್ಯಾಹ್ನದೊಳಗೆ ದವಡೆ ಹಿಡಿದುಕೊಂಡು ಬಂದು ಬೈಯುತ್ತಾನೆ. ಈ ವಸ್ತುಸಂಗ್ರಹಾಲಯದಲ್ಲಿ ಬೈಯಲು ಬರುವ ದವಡೆಗಳಿಲ್ಲ. ಅದೇ ಇಲ್ಲಿನ ರೋಗ ಎಂದು ಅವಳು ಹೇಳುತ್ತಿದ್ದಳು.

ಹತ್ತಿರ ಹೋಗಿ ನೋಡಲಾಗದ ಬಂಡೆಗೆ ಆಕಾರ ಎಲ್ಲಿಂದ ಸಿಕ್ಕಿತು? ದುರ್ಬೀನಿನಲ್ಲೂ ಅದು ಒಂದು ಚುಕ್ಕೆ. ಆದರೆ ಅಪರೂಪಕ್ಕೊಮ್ಮೆ ಅದು ಯಾವುದೋ ನಕ್ಷತ್ರದ ಮುಂದೆ ಹಾದುಹೋಗುತ್ತದೆ. ಆಗ ನಕ್ಷತ್ರ ಕೆಲವು ಸೆಕೆಂಡು ಆರಿಹೋಗಿ ಮತ್ತೆ ಹತ್ತಿಕೊಳ್ಳುತ್ತದೆ. ಬಂಡೆಯ ನಡುಭಾಗದ ನೆರಳು ಬಿದ್ದ ಊರಿನಲ್ಲಿ ಹೆಚ್ಚು ಹೊತ್ತು, ಅಂಚಿನ ನೆರಳು ಬಿದ್ದ ಊರಿನಲ್ಲಿ ಕಡಿಮೆ ಹೊತ್ತು. ಹಿಂದಿನ ವರ್ಷ ಹಾಗೆ ಹಾದುಹೋದಾಗ ವಸ್ತುಸಂಗ್ರಹಾಲಯ ಹತ್ತು ಹತ್ತು ಕಿಲೋಮೀಟರಿಗೆ ಒಬ್ಬರಂತೆ ಮೂವತ್ತೊಂದು ಜನರನ್ನು ನಿಲ್ಲಿಸಿತ್ತು. ಮೇಷ್ಟ್ರು, ಬಸ್ಸಿನ ಕಂಡಕ್ಟರ್, ಕ್ಷೌರಿಕ, ಬೇಕರಿಯವನು, ಯಾರು ಒಪ್ಪಿದರೆ ಅವರು. ಎಲ್ಲರಿಗೂ ಒಂದು ಸಣ್ಣ ದುರ್ಬೀನು, ಒಂದು ಟೇಪ್ ರೆಕಾರ್ಡರ್. ಪಕ್ಕದಲ್ಲಿ ರೇಡಿಯೋ ಸೆಕೆಂಡಿಗೊಮ್ಮೆ ಟಿಕ್ ಎನ್ನುತ್ತಿರಬೇಕು. ನಕ್ಷತ್ರ ಆರಿದಾಗ "ಹೋಯ್ತು" ಎನ್ನಬೇಕು, ಹತ್ತಿದಾಗ "ಬಂತು" ಎನ್ನಬೇಕು. ಅಷ್ಟೇ.

ಹಲ್ಲಕ್ಕ ಒಂದು ಮರದ ಚೌಕಟ್ಟಿಗೆ ಒಬ್ಬೊಬ್ಬರ ಪಾಲಿಗೆ ಒಂದೊಂದು ದಾರ ಕಟ್ಟಿದಳು. ನಕ್ಷತ್ರ ಇಪ್ಪತ್ತು ಸೆಕೆಂಡು ಆರಿದ್ದು ಕಂಡವರದು ಉದ್ದ ದಾರ, ಹತ್ತು ಕಂಡವರದು ಅದರರ್ಧ. ದಾರಗಳ ತುದಿಯ ಗಂಟುಗಳನ್ನು ಕೂಡಿಸಿದಾಗ ಬಂಡೆಯ ಅಂಚು ಮೂಡಿತು. ಅದಕ್ಕೆ ತಕ್ಕಂತೆ ಪ್ಲಾಸ್ಟರ್ ಕಟ್ಟಿದಳು. ಗೊತ್ತಿರುವ ಅಂಚನ್ನು ಹಲ್ಲಿನ ಹಾಗೆ ನುಣುಪು ಮಾಡಿದಳು. ಯಾರೂ ಕಾಣದ ಹಿಂಬದಿಯನ್ನು ಅಂದಾಜಿನದು ಎಂದು ತಿಳಿಯಲಿ ಅಂತ ಒರಟಾಗಿ ಬಿಟ್ಟಳು. ಆರು ತಿಂಗಳ ಕೆಲಸ.

ಮೇಲಂಚಿನಲ್ಲಿ ಒಂದು ಕಚ್ಚು ಬಂತು. ಅಂಗೈ ಅಗಲ, ಮೂರು ಬೆರಳು ಆಳ. ಯಾರೋ ಕಚ್ಚಿ ಬಿಟ್ಟ ಹಣ್ಣಿನ ಹಾಗೆ.

ಆ ಕಚ್ಚು ಬಂದದ್ದು ಒಂದೇ ದಾರದಿಂದ, ಹಲ್ಲಕ್ಕನ ಸ್ವಂತ ಅಕ್ಕನ ದಾರದಿಂದ. ಅಕ್ಕ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್. ತನ್ನ ಕ್ವಾರ್ಟರ್ಸಿನ ತಾರಸಿಯ ಮೇಲೆ ನಿಂತು ಅವಳು ಎರಡಲ್ಲ, ನಾಲ್ಕು ಸಲ ಕೂಗಿದ್ದಳು. ಹೋಯ್ತು, ನಾಲ್ಕು ಸೆಕೆಂಡಿಗೆ ಬಂತು, ಎರಡು ಸೆಕೆಂಡಿಗೆ ಮತ್ತೆ ಹೋಯ್ತು, ಮೂರು ಸೆಕೆಂಡಿಗೆ ಮತ್ತೆ ಬಂತು. ಅಂದರೆ ಆ ಬಂಡೆಯ ಅಂಚಿನಲ್ಲಿ ನಕ್ಷತ್ರ ಇಣುಕಿ ನೋಡುವಷ್ಟು ದೊಡ್ಡ ಹಳ್ಳವಿದೆ. ಅಕ್ಕನ ಪಕ್ಕದಲ್ಲೇ ನೆರಳಿನ ನಡುಭಾಗದ ಕಡೆಗಿದ್ದ ಮೇಷ್ಟ್ರಿಗೆ ನಕ್ಷತ್ರ ಒಂದೇ ಸಲ, ಹನ್ನೊಂದು ಸೆಕೆಂಡು ಆರಿತ್ತು. ಹಳ್ಳ ಅಲ್ಲಿಯವರೆಗೆ ಮುಟ್ಟಿಲ್ಲ. ಇನ್ನೊಂದು ಪಕ್ಕದಲ್ಲಿ ಅಂಚಿನ ಕಡೆಗಿದ್ದ ಕ್ಷೌರಿಕನಿಗೆ ಮೋಡ ಅಡ್ಡ ಬಂದಿತ್ತು.

ಕೆಟ್ಟದ್ದು ಎಲ್ಲಿ ಅಂದರೆ, ಕಚೇರಿಯವರು ಅಚ್ಚು ಹಾಕಿಸಿದ್ದ ಫಾರಂನಲ್ಲಿ ಎರಡೇ ಮನೆ ಇದ್ದವು. ಹೋದ ಸಮಯಕ್ಕೊಂದು, ಬಂದ ಸಮಯಕ್ಕೊಂದು. ಅಕ್ಕ ನಾಲ್ಕು ಸಮಯ ಬರೆದು ಕಳಿಸಿದಳು. ಗುಮಾಸ್ತ ಮೊದಲನೆಯದನ್ನೂ ಕೊನೆಯದನ್ನೂ ಮನೆಗೆ ಸೇರಿಸಿ, ನಡುವಿನ ಎರಡನ್ನು ಬೀದಿಗೆ ಬಿಟ್ಟ. ಪಟ್ಟಿಯಲ್ಲಿ ಅವಳದು ಒಂಬತ್ತು ಸೆಕೆಂಡಿನ ಇಡೀ ದಾರವಾಯಿತು. ಹಲ್ಲಕ್ಕ ಟೇಪನ್ನು ಅಕ್ಕನ ಮನೆಯಲ್ಲೇ ಕೇಳಿದ್ದಳಾದ್ದರಿಂದ ಸುಮ್ಮನಿರಲಿಲ್ಲ. ಹೋಗಿ ಕೇಳಿದಳು. ಇಸ್ತ್ರಿಯವರು ಪಟ್ಟಿಯ ಬದಿಯಲ್ಲಿ ಕೆಂಪು ಶಾಯಿಯಿಂದ ಬರೆದರು: "ಕಣ್ಣು ಮಿಟುಕಿಸಿರಬಹುದು."

"ಎರಡು ಸೆಕೆಂಡು ಕಣ್ಣು ಮಿಟುಕಿಸೋದಾ?" ಈಗ ಹಲ್ಲಕ್ಕ ಅದನ್ನೇ ಮತ್ತೆ ಎತ್ತಿದಳು. "ಅದಕ್ಕೆ ಮಿಟುಕಿಸೋದು ಅನ್ನಲ್ಲ ಸಾರ್, ನಿದ್ದೆ ಅಂತಾರೆ. ಅದೂ ಇರಲಿ. ಕಣ್ಣು ಮುಚ್ಚಿದ್ರೆ ಇರೋ ನಕ್ಷತ್ರ ಕಾಣದೆ ಹೋಗತ್ತೆ. ಇಲ್ಲದ ನಕ್ಷತ್ರ ಕಾಣತ್ತಾ? ನಿಮಗೆ ಕಣ್ಣು ಮುಚ್ಚಿದ್ರೆ ಏನೇನು ಕಾಣತ್ತೆ?"

"ಮೂವತ್ತು ಜನ ಒಂದು ಹೇಳಿದ್ದಾರೆ. ಒಬ್ಬಳು ಇನ್ನೊಂದು ಹೇಳ್ತಾಳೆ. ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋಳು ನೀನು."

"ಹೆರಿಗೆ ವಿಷಯ ನನ್ನ ಅಕ್ಕಂಗೆ ಹೇಳಿಕೊಡ್ಬೇಡಿ. ಮೂವತ್ತು ಜನ ಮೂವತ್ತು ಬೇರೆ ಬೇರೆ ಜಾಗದಲ್ಲಿ ನಿಂತಿದ್ರು. ಅವಳು ನಿಂತ ಜಾಗದಲ್ಲಿ ಅವಳೊಬ್ಬಳೇ ನಿಂತಿದ್ದಳು. ಬೀದಿ ಆ ಕೊನೇಲಿರೋರು ಈ ಕೊನೆಯ ಗುಂಡಿ ನೋಡಿಲ್ಲ ಅಂದ್ರೆ ಗುಂಡಿ ಇಲ್ವಾ? ಬಿದ್ದೋಳಿಗೆ ಗೊತ್ತು!"

"ಸಾಕು!"

"ಟೇಪು ನಿಮ್ಮ ಬೀರುವಿನಲ್ಲೇ ಇದೆ. ಒಂದು ಸಲ ಹಾಕಿ ಕೇಳಿ. ಒಂದೇ ನಿಮಿಷ."

"ನನಗೆ ಅಷ್ಟು ಪುರುಸೊತ್ತಿಲ್ಲ."

"ಕೋಟು ಒರೆಸೋಕೆ ಐದು ನಿಮಿಷದಿಂದ ಇದೆ."

ಇಸ್ತ್ರಿಯವರು ಕರವಸ್ತ್ರ ಮಡಚಿ ಜೇಬಿಗಿಟ್ಟರು. ಅವರ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. ಅದು ಅವರ ಬೈಗುಳಕ್ಕಿಂತ ಕೆಟ್ಟದ್ದೆಂದು ನೆಲಮಾಳಿಗೆಯವರಿಗೆಲ್ಲ ಗೊತ್ತಿತ್ತು. "ನೀನು ನಮ್ಮ ಆಡಳಿತ ಸಮಿತಿಗೆ ಕಾಗದ ಬರೆದಿದೀಯಂತೆ. ನನ್ನನ್ನು ಮೀರಿ. ಅವರು ನನ್ನ ವಿವರಣೆ ಕೇಳಿದ್ದಾರೆ. ಸರಿ. ನಾಳೆ ಮಧ್ಯಾಹ್ನ ನಿನ್ನ ಅಕ್ಕನ್ನ ಕರೆಸಿದೀನಿ. 'ಕಣ್ಣು ಮಿಟುಕಿಸಿರಬಹುದು' ಅಂತ ಒಂದು ಸಾಲು ಬರೆದುಕೊಟ್ರೆ ವಿಷಯ ಮುಗೀತು, ನಿನ್ನ ಕೆಲಸ ಉಳೀತು. ಇಲ್ಲ ಅಂದ್ರೆ ನಿನ್ನ ಜಾಗಕ್ಕೆ ಬೇರೆಯವರು ಬರ್ತಾರೆ."

ಅವರು ಮೆಟ್ಟಿಲು ಹತ್ತಿ ಹೋದ ಮೇಲೆ ಬಣ್ಣದವನು ಬಾಯಿ ಬಿಟ್ಟ. "ಅಕ್ಕಾ, ಒಂದು ಮಾತು ಹೇಳ್ಲಾ? ಅಷ್ಟು ದೂರ ಇರೋ ಕಲ್ಲು. ನೋಡೋಕೆ ಬರೋರಲ್ಲಿ ಒಬ್ಬನೂ ಅಲ್ಲಿಗೆ ಹೋಗಿ ತಾಳೆ ನೋಡಲ್ಲ."

"ನಿನ್ನ ಹೆಂಡತಿ ನಿನ್ನ ಬೆನ್ನಿನ ಹಿಂದೆ ನಿನ್ನ ಬಗ್ಗೆ ಸುಳ್ಳು ಹೇಳಿದ್ರೆ ಪರವಾಗಿಲ್ವಾ? ನೀನು ತಾಳೆ ನೋಡಲ್ವಲ್ಲ."

"ಅವಳು ಎದುರಿಗೇ ಹೇಳ್ತಾಳೆ ಬಿಡಕ್ಕ," ಎಂದು ಅವನು ಬ್ರಷ್ಷಿಗೆ ತಲೆ ತಗ್ಗಿಸಿದ.

ಮರುದಿನ ಮಧ್ಯಾಹ್ನ ಅಕ್ಕ ಡ್ಯೂಟಿ ಮುಗಿಸಿಕೊಂಡು ಹಾಗೇ ಬಂದಳು. ಬಿಳಿ ಬೂಟು, ಎದೆಗೆ ಸಿಕ್ಕಿಸಿದ ತಲೆಕೆಳಗಾದ ಗಡಿಯಾರ, ಕಂಕುಳಲ್ಲಿ ಚೀಲ. ಹಲ್ಲಕ್ಕನಿಗಿಂತ ಎಂಟು ವರ್ಷ ದೊಡ್ಡವಳು, ಗಿಡ್ಡ, ಮೆದುಮಾತಿನವಳು. ತಂಗಿಯ ಪಾಲಿಗೆ ಬರಬೇಕಾದ ಮೆದುತನವನ್ನೂ ತಾಯಿ ಇವಳಿಗೇ ಕೊಟ್ಟುಬಿಟ್ಟಿದ್ದಳು. ಮೆಟ್ಟಿಲ ಮೇಲೆಯೇ ಹಲ್ಲಕ್ಕ ಅವಳನ್ನು ಅಡ್ಡಗಟ್ಟಿದಳು.

"ಏನು ಬರೆದುಕೊಡ್ತೀಯ?"

"ಏನು ಬೇಕೋ ಅದು," ಅಂದಳು ಅಕ್ಕ. "ದಾರಿ ಬಿಡೇ."

"ಅಕ್ಕಾ!"

"ಕೂಗ್ಬೇಡ. ನಿನ್ನ ಗಂಡನ ಸೊಂಟ ಮುರಿದು ಎರಡು ವರ್ಷ ಆಯ್ತು, ಎದ್ದು ಕೂರೋಕೂ ನಿನ್ನ ಕೈ ಬೇಕು. ಮನೆ ನಿಂತಿರೋದು ನಿನ್ನ ಸಂಬಳದ ಮೇಲೆ. ಆ ಕಲ್ಲು ಮೇಲಿದೆ, ನಿನ್ನ ಒಲೆ ಕೆಳಗಿದೆ. ನಾನು ಏನು ಬರೆದ್ರೂ ಕಲ್ಲಿನ ಹಳ್ಳ ತುಂಬಲ್ಲ."

"ನೀನು ನೋಡಿದ್ಯೋ ಇಲ್ವೋ?"

"ನೋಡಿದೀನಿ."

"ಮತ್ತೆ?"

"ಮತ್ತೇನು? ನೋಡಿದ್ದೆಲ್ಲ ಹೇಳ್ಕೊಂಡು ಓಡಾಡೋಕಾಗತ್ತಾ? ವಾರ್ಡಿನಲ್ಲಿ ನಾನು ನೋಡಿದ್ದನ್ನೆಲ್ಲ ಹೇಳಿದ್ರೆ ಈ ಊರಲ್ಲಿ ಅರ್ಧ ಸಂಸಾರ ಮುರೀತಿತ್ತು."

ಹಲ್ಲಕ್ಕನಿಗೆ ಇಸ್ತ್ರಿಯವರ ಮೇಲೆ ಬಂದದ್ದಕ್ಕಿಂತ ಹತ್ತು ಪಟ್ಟು ಸಿಟ್ಟು ಅಕ್ಕನ ಮೇಲೆ ಬಂತು. ಹೊರಗಿನವರು ಹೊಡೆದರೆ ಗಾಯ, ಮನೆಯವರು ಕೈಬಿಟ್ಟರೆ ಹುಣ್ಣು. ಆರು ತಿಂಗಳು ಯಾರಿಗಾಗಿ ಬಡಿದಾಡಿದೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅಕ್ಕ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ದಾರಿ ಬಿಟ್ಟು ಹಿಂದೆಯೇ ಹೋದಳು.

ಇಸ್ತ್ರಿಯವರ ಕೋಣೆಯಲ್ಲಿ ಕಾಗದ ಸಿದ್ಧವಾಗಿತ್ತು. ಬೆರಳಚ್ಚು ಮಾಡಿಸಿ, ಸಹಿಯ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ ಇಟ್ಟಿದ್ದರು. ಅಕ್ಕನಿಗೆ ಕುರ್ಚಿ ತೋರಿಸಿದರು, ಹಲ್ಲಕ್ಕನಿಗೆ ತೋರಿಸಲಿಲ್ಲ.

"ನೋಡಿ ಅಮ್ಮ, ನಿಮ್ಮ ತಂಗಿ ತರಹ ನೀವು ದುಡುಕೋರಲ್ಲ ಅಂತ ನೋಡಿದ್ರೇ ಗೊತ್ತಾಗತ್ತೆ."

"ಅವಳು ಹುಟ್ಟಿದಾಗಲೂ ಒಂದು ತಿಂಗಳು ಮುಂಚೆಯೇ ಬಂದಳು ಸಾರ್," ಅಂದಳು ಅಕ್ಕ, ಕನ್ನಡಕ ಹುಡುಕುತ್ತ. "ಕಾಯೋ ಅಭ್ಯಾಸ ಇಲ್ಲ."

ಇಸ್ತ್ರಿಯವರು ನಕ್ಕರು. ಅಕ್ಕ ಕಾಗದ ಓದಿದಳು, ಪೆನ್ನು ಎತ್ತಿಕೊಂಡಳು. ಹಲ್ಲಕ್ಕ ಕಿಟಕಿಯ ಕಡೆ ತಿರುಗಿದಳು. ಹೊರಗೆ ಅಂಗಳದಲ್ಲಿ ಕೆಲಸದವರು ಕುರ್ಚಿಗಳನ್ನು ಸಾಲಾಗಿ ಇಡುತ್ತಿದ್ದರು. ಇಸ್ತ್ರಿಯವರು ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಅವರೆಂದಂತೆಯೇ ಮುಗಿಯುತ್ತಿತ್ತು. ಆದರೆ ಗೆದ್ದವರಿಗೆ ಬಾಯಿ ನಿಲ್ಲುವುದಿಲ್ಲ.

"ಇದರಲ್ಲಿ ಅವಮಾನ ಏನೂ ಇಲ್ಲಮ್ಮ," ಎಂದು ಅವರು ಸಮಾಧಾನ ಹೇಳಿದರು. "ವಯಸ್ಸಾಯ್ತು, ದಿನವಿಡೀ ದುಡಿದಿರ್ತೀರ. ಎಣಿಕೆ ತಪ್ಪಿರತ್ತೆ."

ಪೆನ್ನು ನಿಂತಿತು.

"ಏನು ತಪ್ಪಿರತ್ತೆ ಅಂದ್ರಿ?"

"ಎಣಿಕೆ. ಸಹಜ ತಾನೇ."

ಅಕ್ಕ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. ದನಿ ಏರಲಿಲ್ಲ. "ಕಣ್ಣು ಮಿಟುಕಿಸಿದೆ ಅಂತ ಬೇಕಾದ್ರೆ ಬರೀತೀನಿ ಸಾರ್. ಕಣ್ಣು ಯಾರದಾದ್ರೂ ಮಿಟುಕತ್ತೆ. ಎಣಿಕೆ ತಪ್ಪಿದೆ ಅಂತ ಯಾರ ಹತ್ರಾನೂ ಅನ್ನಿಸ್ಕೊಂಡಿಲ್ಲ. ತಾಯಿ ಹೊಟ್ಟೆ ಮೇಲೆ ಕಿವಿಯಿಟ್ಟು ಒಳಗಿರೋ ಮಗೂದು ಎದೆಬಡಿತ ಎಣಿಸ್ತೀನಿ. ನನ್ನ ಲೆಕ್ಕ ಕೇಳಿ ಡಾಕ್ಟರು ಚಾಕು ಹಿಡೀತಾರೆ, ಇಲ್ಲಾ ಕೆಳಗಿಡ್ತಾರೆ. ತಪ್ಪಿದ್ರೆ ಮಗು ಹೋಗತ್ತೆ. ಕೈ ಕೊಡಿ."

"ಏನು?"

"ನಿಮ್ಮ ಕೈ. ಎಡಗೈ."

ಹೆರಿಗೆ ವಾರ್ಡಿನಲ್ಲಿ ಎಂತೆಂಥ ಗಂಡಸರೂ ಆ ದನಿಗೆ ಕುರ್ಚಿಯಿಂದ ಎದ್ದಿದ್ದರು. ಇಸ್ತ್ರಿಯವರ ಕೈ ತಾನಾಗಿ ಮೇಜಿನ ಮೇಲೆ ಬಂತು. ಅಕ್ಕ ತೋಳಿನ ಗುಂಡಿ ಬಿಚ್ಚಿ, ಮೂರು ಬೆರಳು ಇಟ್ಟು, ಎದೆಯ ಗಡಿಯಾರ ಎತ್ತಿ ಹಿಡಿದು ಎಣಿಸತೊಡಗಿದಳು. ಸೆಕೆಂಡಿನ ಮುಳ್ಳು ಒಂದು ಸುತ್ತು ಬಂತು. ಅಂಗಳದಲ್ಲಿ ಕುರ್ಚಿ ಎಳೆಯುವ ಸದ್ದು ಮಾತ್ರ ಕೇಳುತ್ತಿತ್ತು.

"ಎಪ್ಪತ್ತೊಂಬತ್ತು," ಅಂದಳು ಅಕ್ಕ. "ಇಪ್ಪತ್ತಮೂರು ಆದ್ಮೇಲೆ ಒಂದು ಬಡಿತ ತಪ್ಪಿಸ್ತು. ಐವತ್ತೆಂಟಾದ್ಮೇಲೆ ಇನ್ನೊಂದು. ಮುಂಚೆ ಯಾರಾದ್ರೂ ಹೇಳಿದ್ರಾ?"

ಇಸ್ತ್ರಿಯವರ ಮುಖದ ಮಡಿಕೆಗಳೆಲ್ಲ ಒಮ್ಮೆಗೇ ಕಲಸಿಹೋದವು. "ಇಲ್ಲ. ಇನ್ನೊಂದ್ಸಲ ನೋಡಿ."

ಅಕ್ಕ ಇನ್ನೊಂದು ಸಲ ನೋಡಿದಳು. "ಎಂಬತ್ತೆಂಟು. ಗಾಬರಿಗೆ ಏರಿದೆ, ಅದು ಇರಲಿ. ಈ ಸಲ ಮೂರು ಕಡೆ ತಪ್ಪಿಸ್ತು. ತೀರಾ ಹೆದರೋದೇನಲ್ಲ, ಬಹಳ ಜನಕ್ಕೆ ಇರತ್ತೆ. ಆದ್ರೂ ತೋರಿಸಿ."

"ಯಾರಿಗೆ ತೋರಿಸ್ಲಿ? ಇವತ್ತೇ ಹೋಗ್ಬೇಕಾ?"

ಉತ್ತರಕ್ಕೂ ಕಾಯದೆ ಅವರು ಫೋನು ಎತ್ತಿದರು. ಡಾಕ್ಟರ ಕಡೆಯವರು ಯಾರೋ ನಾಳೆ ಬನ್ನಿ ಅಂದಿರಬೇಕು, ಇವರ ದನಿ ಏರಿತು: "ನಾಳೆ ಆಗಲ್ಲ, ಈಗಲೇ ಬೇಕು! ಹೇಗೆ ಗೊತ್ತು ಅಂದ್ರೆ? ಅನುಭವಸ್ಥ ನರ್ಸು ಕೈ ಹಿಡಿದು ಎಣಿಸಿ ಹೇಳಿದ್ದಾರೆ. ಎರಡು ಸಲ ಎಣಿಸಿದ್ದಾರೆ ಕಣ್ರೀ. ಮೂವತ್ತು ವರ್ಷ ಇದೇ ಕೆಲಸ ಮಾಡಿದೋರು, ತಪ್ಪಾಗೋ ಮಾತೇ ಇಲ್ಲ!"

ಹಲ್ಲಕ್ಕ ಕಿಟಕಿಯಿಂದ ತಿರುಗಿದಳು. ಮೇಜಿನ ಮುಂದೆ ಬಂದು ನಿಂತಳು.

"ಕೇಳಿಸ್ತು ಸಾರ್. ಹಾಗಾದ್ರೆ ಕಚ್ಚು ಇರಲಿ ಅಲ್ವಾ?"

ಇಸ್ತ್ರಿಯವರು ಫೋನಿಗೆ ಅಂಗೈ ಮುಚ್ಚಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಕಪಟವೂ ಇರಲಿಲ್ಲ. ಏನು ಕೇಳುತ್ತಿದ್ದಾಳೆ ಎಂದು ನಿಜವಾಗಿಯೂ ಅರ್ಥವಾಗದವರ ಮುಖ ಅದು.

"ಅದು ಬೇರೆ ವಿಷಯ," ಅಂದರು.

"ಹೇಗೆ ಬೇರೆ? ಎಣಿಸಿದ್ದು ಇವಳೇ. ಇದೇ ಬಾಯಿ, ಇದೇ ಲೆಕ್ಕ. ನಿಮ್ಮ ಎದೆ ಎರಡು ಕಡೆ ತಪ್ಪಿಸ್ತು ಅಂದ್ರೆ ನಂಬಿಕೆ. ಕಲ್ಲು ಒಂದು ಕಡೆ ತಪ್ಪಿಸ್ತು ಅಂದ್ರೆ ಅನುಮಾನ. ಇವಳು ಯಾವಾಗ ಕಣ್ಣು ಮಿಟುಕಿಸ್ತಾಳೆ ಅಂತ ನಿಮ್ಮ ಅನುಕೂಲ ನೋಡ್ಕೊಂಡು ತೀರ್ಮಾನ ಮಾಡ್ತೀರಾ? ಆ ಬಂಡೆಗೆ ಫೋನಿದ್ದಿದ್ರೆ ಅದೂ ನಿಮ್ಮ ಹಾಗೇ ಕೂಗ್ತಿತ್ತು, ನಂಬ್ರಪ್ಪಾ ಅಂತ!"

"ಈಗ ವಾದ ಮಾಡೋ ಸ್ಥಿತೀಲಿ ನಾನಿಲ್ಲ. ನಿನ್ನ ಕೆಲಸ ಇರಲಿ, ಹೋಗು, ನಿನ್ನನ್ನ ಯಾರೂ ತೆಗೆಯಲ್ಲ. ಅಕ್ಕನ ಮುಖ ನೋಡಿ ಬಿಟ್ಟಿದೀನಿ. ಸಹಿಯೂ ಬೇಡ, ಸಮಿತಿಗೆ ನಾನೇ ಏನಾದ್ರೂ ಬರ್ಕೊಳ್ತೀನಿ. ಬಣ್ಣದವನಿಗೆ ಬೆಳಿಗ್ಗೇನೇ ಹೇಳಾಗಿದೆ, ಅವನು ತುಂಬ್ತಾ ಇದ್ದಾನೆ." ಮತ್ತೆ ಫೋನಿಗೆ: "ಹಲೋ? ಹಾಂ, ಎಡಗೈಯಲ್ಲೇ ನೋಡಿದ್ದು..."

ಅಕ್ಕ ಕಾಗದವನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು. "ಕೆಲಸ ಉಳೀತಲ್ಲೇ," ಎಂದು ಮೆಲ್ಲಗೆ ತಂಗಿಯ ತೋಳು ಹಿಡಿದಳು. "ನಡಿ, ಒಂದು ಲೋಟ ಚಹಾ ಕುಡಿಯೋಣ."

ಹಲ್ಲಕ್ಕ ಆ ಕೈಯನ್ನು ಒರಟಾಗಿ ಅಲ್ಲ, ಜೋಪಾನವಾಗಿ ಬಿಡಿಸಿಕೊಂಡು ಕೆಳಗಿಳಿದಳು.

ಬಣ್ಣದವನು ಪೀಠದ ಪಕ್ಕದ ಸ್ಟೂಲಿನ ಮೇಲೆ ನಿಂತಿದ್ದ. ಕಚ್ಚಿನೊಳಗೆ ಬೂದು ಬಣ್ಣದ ಮೆತ್ತೆ ಅರ್ಧ ತುಂಬಿತ್ತು. ಅವನ ಮುಖದ ಮೇಲೆ ತಾನು ಮಾಡುತ್ತಿರುವುದು ಏನೆಂದು ತಿಳಿದವನ ನಾಚಿಕೆ ಇತ್ತು, ಆದರೆ ಕೈ ಮಾತ್ರ ನಿಂತಿರಲಿಲ್ಲ.

"ನನ್ನ ಮೇಲೆ ಕೋಪ ಮಾಡ್ಕೋಬೇಡಕ್ಕ. ಅಪ್ಪಣೆ."

ಹಲ್ಲಕ್ಕ ಬೈಯುತ್ತಾಳೆಂದು ಅವನು ಕುತ್ತಿಗೆ ಒಳಗೆಳೆದುಕೊಂಡ. ಅವಳು ಬೈಯಲಿಲ್ಲ. ತೊಟ್ಟಿಯ ಬಳಿ ಹೋಗಿ ತನ್ನ ನಾಲ್ಕು ಉಕ್ಕಿನ ಚಾಕುಗಳನ್ನು ತೊಳೆದಳು. ಹಲ್ಲಿನ ಕಾಲದಿಂದ ಬಂದವು, ಸಂಸ್ಥೆಯವಲ್ಲ. ಒಂದೊಂದನ್ನೇ ಒರೆಸಿ ಬಟ್ಟೆಯಲ್ಲಿ ಸುತ್ತಿದಳು. ಚೌಕಟ್ಟಿನ ಮುಂದೆ ಹೋಗಿ ಅಕ್ಕನ ದಾರವನ್ನು ನೋಡಿದಳು. ಮೊದಲು ನಾಲ್ಕು ಸೆಕೆಂಡಿನ ಬಿಳಿ, ಆಮೇಲೆ ಎರಡು ಸೆಕೆಂಡು ಏನೂ ಇಲ್ಲ, ಆಮೇಲೆ ಮೂರು ಸೆಕೆಂಡಿನ ಬಿಳಿ. ಬಿಚ್ಚಲಿಲ್ಲ. ಬಿಚ್ಚಬೇಕಾದವರು ಅವರೇ ಬಿಚ್ಚಲಿ, ಬಿಚ್ಚಿದ್ದು ಅವರ ಕೈ ಎಂದು ಅವರಿಗಾದರೂ ಗೊತ್ತಿರಲಿ.

"ಅಕ್ಕಾ," ಬಣ್ಣದವನು ಹಿಂದಿನಿಂದ ಕೇಳಿದ, "ಇದು ಬಣ್ಣ ಹಚ್ಚೋಷ್ಟು ಒಣಗೋಕೆ ಎಷ್ಟು ಹೊತ್ತು ಬಿಡ್ಬೇಕು? ಬಿರುಕು ಬಿಡಬಾರದಲ್ಲ."

ಪ್ಲಾಸ್ಟರ್ ವಿಷಯದಲ್ಲಿ ಯಾರು ಏನು ಕೇಳಿದರೂ, ಜಗಳದ ನಡುವೆಯೂ ಉತ್ತರ ಕೊಡುವವಳು ಅವಳು. ಈ ಸಲ ಕೊಡಲಿಲ್ಲ. ಏಪ್ರನ್ ಬಿಚ್ಚಿ ಮೇಜಿನ ಮೇಲಿಟ್ಟು, ಚಾಕುಗಳ ಗಂಟನ್ನು ಎತ್ತಿಕೊಂಡು ಹಿಂಬಾಗಿಲಿನಿಂದ ಬೀದಿಗೆ ನಡೆದಳು.

ಅವನು ಇನ್ನೊಮ್ಮೆ ಕೇಳಿದ. ಆಮೇಲೆ ಸ್ಟೂಲಿನಿಂದ ಇಳಿದು ಬಾಗಿಲಿಗೆ ಬಂದು ನೋಡಿದ. ಬೀದಿಯಲ್ಲಿ ಹಾಲಿನ ವ್ಯಾನೊಂದು ನಿಂತಿತ್ತು. ಅದರಾಚೆ ಅವಳ ಬಿಳಿ ಹಿಡಿದ ಚಪ್ಪಲಿ ಬೇಗ ಬೇಗ ಹೋಗುತ್ತಿತ್ತು. ಉದ್ಘಾಟನೆಯ ದಿನ ಕಚೇರಿಯಿಂದ ಮೂರು ಸಲ ಫೋನು ಹೋಯಿತು, ಮುಂದಿನ ವಾರ ಗುಮಾಸ್ತ ಮನೆಗೇ ಹೋಗಿ ಬಂದ. ಹಲ್ಲಕ್ಕ ಆ ಕಟ್ಟಡಕ್ಕೆ ಮತ್ತೆ ಕಾಲಿಡಲಿಲ್ಲ.